ಕಿವಿಗೆ ಕಂಡ ಚಿತ್ರ

ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹದಿನಾರು ವರ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದವಳು ಆಕೆ. ಪುಟ ಒಂದೆಳೆ ಸೊಟ್ಟಗಾದರೂ ಮತ್ತೆ ಮಾಡುತ್ತಿದ್ದಳು. ಜೊತೆಯವರು ‘ಅಡಿಪಟ್ಟಿ ಅಕ್ಕ’ ಎಂದು ಕರೆಯುತ್ತಿದ್ದರು. ಆ ಹೆಸರು ಆಕೆಗೆ ಒಳಗೊಳಗೇ ಇಷ್ಟ.

ಒಂದು ಮಧ್ಯಾಹ್ನ ಜೀವಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಬಿಳಿ ಕೋಲು ತಟ್ಟುತ್ತ ಮೆಟ್ಟಿಲಿಳಿದು ಬಂದಳು. ಹುಟ್ಟಿನಿಂದಲೇ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ.

“ಅಕ್ಕಾ, ಈ ಪುಸ್ತಕ ನೀವು ಮಾಡಿದ್ದಾ? ಬಾಯೇ ಬಿಡ್ತಿಲ್ಲ.”

“ಅಂದ್ರೆ?”

ಹುಡುಗಿ ತನ್ನ ಹೆಡ್‌ಫೋನ್ ಕೊಟ್ಟಳು. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ “ಚಿತ್ರ… ಚಿತ್ರ… ಚಿತ್ರ…” ಎನ್ನುತ್ತಿತ್ತು. ಮುನ್ನೂರು ಪುಟಕ್ಕೂ ಅದೊಂದೇ ಮಾತು. ಇಷ್ಟು ವರ್ಷ ತಾನು ಮಾಡಿದ್ದು ಬರೀ ಅಕ್ಷರಗಳ ಫೋಟೊ, ಅಕ್ಷರವಲ್ಲ ಎಂದು ಆಕೆಗೆ ಆಗ ಹೊಳೆಯಿತು. ಮುಖ ಸಪ್ಪಗಾಯಿತು. ಆದರೂ ಕುತೂಹಲ ಸುಮ್ಮನಿರಬೇಕಲ್ಲ.

“ಮತ್ತೆ ನೀನು ಪುಟ ಹೇಗೆ ಹುಡುಕ್ತೀಯ? ಮೊದಲಿಂದ ತೋರಿಸು.”

ಅಂದಿನಿಂದ ಊಟದ ವಿರಾಮದಲ್ಲಿ ಪರದೆ ಆರಿಸಿ, ಕಿವಿಯಿಂದಲೇ ಓದಲು ಕಲಿತಳು. ತಲೆಬರಹಕ್ಕೆ ಗುರುತು ಹಾಕದಿದ್ದರೆ ಒಂದು ಅಧ್ಯಾಯಕ್ಕಾಗಿ ಇಡೀ ಪುಸ್ತಕ ಜಾಲಾಡಬೇಕೆಂದು ತಿಳಿಯಿತು. ಫೋಟೊಗಳನ್ನು ಅಕ್ಷರವಾಗಿಸಿ, ತಪ್ಪು ತಿದ್ದುತ್ತ ಹೋದಳು. ಮನೆಯಲ್ಲೂ ಅದೇ ಗುಂಗು. ಕಣ್ಣು ಮುಚ್ಚಿ ಕೂತವಳನ್ನು ಕಂಡು ಗಂಡ, “ತಲೆನೋವಾ?” ಎಂದ.

“ಇಲ್ಲ, ಪೇಪರ್ ಓದ್ತಿದೀನಿ.”

“ಹಾಗಾದ್ರೆ ಲೈಟ್ ಆರಿಸ್ಲಾ?”

ಕಾಡಿಸಿದ್ದು ಚಿತ್ರಗಳು. ಹುಡುಗಿಯ ಪ್ರಾಧ್ಯಾಪಕರೊಬ್ಬರ ಪಾಠದ ಟಿಪ್ಪಣಿಯಲ್ಲಿ ಹೃದಯದ ಚಿತ್ರವೊಂದಿತ್ತು. ಬಾಣಗಳ ಮೇಲೆ ಬೆರಳಾಡಿಸುತ್ತ, ರಕ್ತ ಎಲ್ಲಿಂದ ಎಲ್ಲಿಗೆ ಹರಿಯುತ್ತದೆಂದು ಕಂಡದ್ದನ್ನು ಕಂಡ ಹಾಗೆ ಬರೆದಳು. ಹುಡುಗಿ ಎರಡು ಸಲ ಕೇಳಿ ಹುಬ್ಬು ಗಂಟಿಕ್ಕಿದಳು.

“ಅಕ್ಕಾ, ಎರಡೂ ಕಡೆಯಿಂದ ರಕ್ತ ಶ್ವಾಸಕೋಶಕ್ಕೇ ಹೋದ್ರೆ, ವಾಪಸ್ ಬರೋದು ಹೇಗೆ?”

ತಾನೇ ತಪ್ಪು ಬರೆದೆನೇನೋ ಎಂದು ಆಕೆ ಮತ್ತೆ ನೋಡಿದಳು. ಇಲ್ಲ, ಎಡಗಡೆಯ ಬಾಣವೇ ತಿರುಗುಮುರುಗಾಗಿತ್ತು. ಇಬ್ಬರೂ ಪ್ರಾಧ್ಯಾಪಕರ ಕೋಣೆಗೆ ಹೋದರು. ಅವರು ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು.

“ಒಂಬತ್ತು ವರ್ಷದಿಂದ ಇದನ್ನೇ ತೋರಿಸ್ತಿದೀನಿ. ಒಬ್ರೂ ಕೇಳ್ಲಿಲ್ವಲ್ಲ!”

“ಕಣ್ಣಿದ್ದೋರಿಗೆ ಪುರುಸೊತ್ತಿರ್ಲಿಲ್ಲವೇನೋ ಸರ್,” ಎಂದಳು ಹುಡುಗಿ. ಅವರು ಜೋರಾಗಿ ನಕ್ಕುಬಿಟ್ಟರು.

ಮರುವಾರ ಅವರೇ ಕುಲಸಚಿವರಿಗೆ ಪತ್ರ ಬರೆದರು. ಪಾಠದ ಟಿಪ್ಪಣಿಗಳೆಲ್ಲ ಮೊದಲು ನೆಲಮಾಳಿಗೆಗೆ ಬರಬೇಕೆಂದು ಆದೇಶವಾಯಿತು. ಆಕೆಗೆ ಅದೇ ಪೂರ್ತಿ ಕೆಲಸವಾಯಿತು. “ಈ ಚಿತ್ರ ಯಾಕೆ ಹಾಕಿದೀರಿ?” ಎಂದು ಪ್ರತಿಯೊಬ್ಬರನ್ನೂ ಕೇಳುತ್ತಿದ್ದಳು. ಅರ್ಧ ಜನ “ಚೆನ್ನಾಗಿತ್ತು, ಹಾಕಿದೆ” ಎಂದು ತಲೆ ಕೆರೆದುಕೊಳ್ಳುತ್ತಿದ್ದರು.

ಸಂಖ್ಯಾಶಾಸ್ತ್ರದ ಒಂದು ನಕ್ಷೆ ಮಾತ್ರ ಮಾತಿಗೆ ಬಗ್ಗಲಿಲ್ಲ. ಆಕೆ ರಟ್ಟಿನ ಮೇಲೆ ದಾರ ಅಂಟಿಸಿ ಅದರ ಗೆರೆ ಮೂಡಿಸಿದಳು. ಹುಡುಗಿಯ ಬೆರಳು ದಾರ ಹಿಡಿದು ಏರಿ, ನಡುವೆ ತಟ್ಟನೆ ಕೆಳಗಿಳಿದು ನಿಂತಿತು.

“ಇಲ್ಲಿ ಯಾಕಕ್ಕಾ ಇಷ್ಟು ಕೆಳಗಿಳೀತು?”

ಆಕೆಗೂ ಗೊತ್ತಿರಲಿಲ್ಲ. ನಕ್ಷೆ ಬರೆದವರನ್ನೇ ಕೇಳೋಣವೆಂದು ರಟ್ಟನ್ನು ಕಂಕುಳಲ್ಲಿಟ್ಟುಕೊಂಡು ಇಬ್ಬರೂ ಮೆಟ್ಟಿಲೇರಿದರು.