ಇಲ್ಲ ಅಲ್ಲ, ಇಲ್ಲೇ

ನೆಲಮಾಳಿಗೆಯ ಮೆಟ್ಟಿಲು ಇಳಿಯುವಾಗಲೇ ಆ ವಾಸನೆ ಬಂತು. ಕೊಳೆತ ನೀರಿನದಲ್ಲ, ಚರಂಡಿಯದೂ ಅಲ್ಲ. ಕಾದ ಕಲ್ಲಿನ ಮೇಲೆ ಬಹಳ ಕಾಲ ಒಣಗಿ ಬಿದ್ದಿದ್ದ ಮಣ್ಣು ನೀರು ಕುಡಿದಾಗ ಏಳುವ ವಾಸನೆ. ಅದರ ಹಿಂದೆಯೇ ತೆಳ್ಳಗೆ, ಹಸಿ ಮೀನಿನದು ಅನ್ನಬಹುದಾದ ಇನ್ನೊಂದು. ಹೈದರಾಬಾದಿನ ಪಶ್ಚಿಮಕ್ಕೆ, ಗಾಜಿನ ಕಚೇರಿಗಳು ಸಾಲಾಗಿ ನಿಂತಿರುವ ಕಡೆ, ಒಂದು ಕಟ್ಟಡದ ಲಿಫ್ಟಿನ ತಳದ ಗುಂಡಿಗೆ ಮಳೆನೀರು ಇಳಿದಿದೆ, ಪ್ಯಾನೆಲ್ ನೋಡಿಕೊಡಿ ಎಂದು ಹೋದ ವಾರ ನನ್ನನ್ನು ಕರೆದಿದ್ದರು. ನಿವೃತ್ತಿಯ ಮೇಲೆ ನಾನು ಮಾಡಿಕೊಂಡಿರುವ ಕೆಲಸ ಅದು. ಅರ್ಧ ಮೆಟ್ಟಿಲಲ್ಲಿ ನಿಂತುಬಿಟ್ಟೆ. ಆ ವಾಸನೆ ನನಗೆ ಮೊದಲು ಪರಿಚಯವಾದದ್ದು ಟೀಚರ್ ಮನೆಯ ಅಡುಗೆಕೋಣೆಯಲ್ಲಿ...

ಆಗ ನಾವು ಕುಷಾಯಿಗೂಡದಲ್ಲಿದ್ದೆವು. ನಾನು ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿದ್ದೆ. ಮೀಟರಿನ ಮುಳ್ಳು ಎಲ್ಲಿ ನಿಂತಿತೋ ಅಷ್ಟನ್ನೇ ಹೇಳುವುದು, ಅದಕ್ಕಿಂತ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಇದು ನನ್ನ ಕೆಲಸ. ಪಕ್ಕದ ಮನೆಯಲ್ಲಿ ಟೀಚರ್ ಒಬ್ಬರೇ ಇದ್ದರು. ರಾಯಚೂರಿನ ಕಡೆಯವರು, ನಮಗಿಂತ ಹಿರಿಯರು, ಹುಡುಗಿಯರ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. “ನಾ ಲೆಕ್ಚರರ್ ಅದೀನಿ ತಮ್ಮಾ, ಟೀಚರ್ ಅಂತ ಕರದು ನನ್ನ ಕೆಳಗ ಇಳಸಬ್ಯಾಡ” ಎಂದು ನಗುತ್ತಿದ್ದರು. ಆದರೂ ಕಾಲೊನಿಗೆಲ್ಲ ಅವರು ಟೀಚರೇ. ದೊಡ್ಡ ದೊಡ್ಡ ತರಗತಿಗಳಲ್ಲಿ ಕೂಗಿ ಕೂಗಿ ಗಂಟಲು ಹೋಯಿತು ಅನ್ನುತ್ತಿದ್ದರು. ಕಾರಣ ಅದಷ್ಟೇ ಆಗಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ನಾನು ಬಲ್ಲ ಕಾಲಕ್ಕೆ ಅವರ ದನಿ ಕಾಗದಕ್ಕೆ ಕಾಗದ ಉಜ್ಜಿದಂತಿತ್ತು.

ಕಾಲೊನಿಯ ಹಿಂದೆ ಒಂದು ಬಂಡೆಗುಡ್ಡ. ಅದರ ನೆತ್ತಿಯಲ್ಲಿ, ನಾಲ್ಕು ಜನ ಸುತ್ತ ಕೂತು ಊಟ ಮಾಡಬಹುದಾದಷ್ಟು ಅಗಲದ ಒಂದು ತಗ್ಗಿತ್ತು. ಮಳೆ ಬಂದರೆ ನೀರು ನಿಲ್ಲುತ್ತಿತ್ತು, ಮಳೆ ಹೋದರೆ ಆರುತ್ತಿತ್ತು, ತಳದಲ್ಲಿ ಹಪ್ಪಳದಂತೆ ಬಿರಿದ ಕೆಸರು ಉಳಿಯುತ್ತಿತ್ತು. ಟೀಚರ್ ಅದನ್ನು ದೊಣೆ ಅನ್ನುತ್ತಿದ್ದರು. ಅವರೂರಿನ ಬೆಟ್ಟದ ಮೇಲೂ ಅಂಥವು ಇದ್ದವಂತೆ. ನಮಗೆ ಅದು ಮಕ್ಕಳು ಕಾಲು ಜಾರಿ ಬೀಳುವ ಗುಂಡಿ, ಅಷ್ಟೇ.

ಒಂದು ಬೇಸಿಗೆಯ ಮಧ್ಯಾಹ್ನ ಕರೆಂಟು ಹೋಗಿತ್ತು. ಫ್ಯೂಸ್ ಇರಬಹುದು, ನೋಡು ಎಂದು ಟೀಚರ್ ಕರೆದರು. ಬಿಸಿಲಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಅಡುಗೆಕೋಣೆಯ ಕಟ್ಟೆಯ ಮೇಲೆ ದೊಡ್ಡ ಗಾಜಿನ ಭರಣಿ, ಅದರಿಂದ ಆ ವಾಸನೆ. ಹಿಂದಿನ ವರ್ಷ ದೊಣೆಯಿಂದ ತಂದ ಒಣ ಮಣ್ಣಿಗೆ, ಹಿಡಿದಿಟ್ಟಿದ್ದ ಮಳೆನೀರು ಹಾಕಿದ್ದೆ ಅಂದರು. ನಾನು ಟಾರ್ಚ್ ಬಿಟ್ಟೆ. ನೀರಿನ ತುಂಬ ಬೆರಳ ಗಿಣ್ಣಿನಷ್ಟು ಉದ್ದದ, ಒಳಗಿನದೆಲ್ಲ ಹೊರಗೆ ಕಾಣುವ ಏನೋ ಹುಳುಗಳು. ಎಲ್ಲವೂ ಬೆನ್ನು ಕೆಳಗೆ, ಹೊಟ್ಟೆ ಮೇಲೆ ಮಾಡಿ ಈಜುತ್ತಿದ್ದವು. ಎಲೆಯಂಥ ಕಾಲುಗಳು ಗಾಳಿಗೆ ಬಾಗುವ ಪೈರಿನಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಅಲುಗುತ್ತಿದ್ದವು.

“ಹುಳ ಅಲ್ಲ, ಸೀಗಡಿ ಜಾತಿ. ಟಾರ್ಚ್ ಭರಣಿ ಕೆಳಗ ಹಿಡಿ” ಎಂದರು.

ಹಿಡಿದೆ. ಅಷ್ಟೂ ಒಟ್ಟಿಗೆ, ಯಾರೋ ಹೇಳಿಕೊಟ್ಟ ಹಾಗೆ, ಮಗುಚಿಕೊಂಡವು. ಹೊಟ್ಟೆ ಈಗ ನನ್ನ ಟಾರ್ಚಿನ ಕಡೆಗೆ. ಮೇಲೆ ಹಿಡಿದರೆ ಮತ್ತೆ ಮೇಲಕ್ಕೆ. ಅವುಗಳ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು ಅನ್ನಲಾರೆ, ಆದರೆ ಹಾಗನ್ನಿಸಿತು.

“ಇವುಕ್ಕ ಮ್ಯಾಲೆ ಕೆಳಗ ಅಂತಿಲ್ಲ ತಮ್ಮಾ. ಬೆಳಕು ಎಲ್ಲೈತಿ, ಅದಾ ಇವುಕ್ಕ ಆಕಾಶ.”

“ಒಣ ಮಣ್ಣಿನಲ್ಲಿ ಸತ್ತು ಹೋಗಲ್ವೇ?”

“ದೊಡ್ಡವು ಸಾಯ್ತಾವ. ತತ್ತಿ ಸಾಯಾಂಗಿಲ್ಲ. ಸುಮ್ನ ತಡದು ಕುಂತಿರ್ತಾವ. ನಾವು ಇಲ್ಲ ಅಂತೀವಿ. ಅವು ಇಲ್ಲೇ ಇರ್ತಾವ.”

ಆ ದೊಣೆಯ ಗಂಡು ಸೀಗಡಿಯ ಕೊಂಬು ಪುಸ್ತಕದಲ್ಲಿರುವ ಯಾವುದಕ್ಕೂ ಹೊಂದುತ್ತಿರಲಿಲ್ಲವಂತೆ. ಅವರು ಚಿತ್ರ ಬರೆದು ಕಳಿಸಿದ್ದ ಪ್ರೊಫೆಸರೊಬ್ಬರು, ಇದು ಬೇರೆಲ್ಲೂ ಕಂಡದ್ದಲ್ಲ ಅನ್ನಿಸುತ್ತದೆ, ಎರಡು ಮಳೆಗಾಲ ನೋಡಿಯೇ ಹೇಳಬೇಕು ಎಂದಿದ್ದರು. ಹೇಳುವವರೆಗೆ ದೊಣೆ ಇರಬೇಕಲ್ಲ...

ಅದು ಸಾಫ್ಟ್‌ವೇರ್ ಕಂಪನಿಗಳು ಊರಿಗೆ ನುಗ್ಗಿ ಬರುತ್ತಿದ್ದ ಕಾಲ. ಅಮೀರ್‌ಪೇಟಿನ ಫುಟ್‌ಪಾತಿನಲ್ಲಿ ಕೋರ್ಸು ಹುಡುಕುವ ಹುಡುಗರ ನಡುವೆ ನಡೆಯಲು ದಾರಿ ಇರುತ್ತಿರಲಿಲ್ಲ. ಪಶ್ಚಿಮದಲ್ಲಿ ಬಂಡೆಗಳನ್ನು ಸಿಡಿಸಿ ಕಟ್ಟಡ ಏಳಿಸುತ್ತಿದ್ದರು. ಅಲ್ಲಿಯ ಕಲ್ಲು ಸಾಲದಾದಾಗ ನಮ್ಮ ಕಡೆಗೂ ಬಂದರು. ಗುಡ್ಡವನ್ನು ಜಲ್ಲಿಗೆ ಗುತ್ತಿಗೆ ಹಿಡಿದವರು ಕ್ರಷರ್ ಹಾಕಿದರು. ಮಧ್ಯಾಹ್ನ ಸೈರನ್ ಊದಿ ಮದ್ದು ಸಿಡಿಸುತ್ತಿದ್ದರು. ನಮ್ಮ ಮನೆಯ ತಟ್ಟೆಲೋಟಗಳು ಸ್ಟ್ಯಾಂಡಿನಲ್ಲಿ ಗಲಗಲ ಅನ್ನುತ್ತಿದ್ದವು, ಒಣಹಾಕಿದ ಬಟ್ಟೆಯ ಮೇಲೆ ಬೂದಿಯಂಥ ಪುಡಿ ಕೂರುತ್ತಿತ್ತು.

ಟೀಚರ್ ವಕೀಲರ ಹತ್ತಿರ ಹೋದರು. ಜೊತೆಗೆ ನಾನಿದ್ದೆ, ಅವರ ಪಿಸುಮಾತನ್ನು ಇನ್ನೊಬ್ಬರಿಗೆ ಕೇಳಿಸುವಂತೆ ಹೇಳಲು ಒಬ್ಬರು ಬೇಕಿತ್ತು. ಹಳೇ ಊರಿನ ವಕೀಲರು ಚಹಾ ತರಿಸಿ, “ಶೇರ್ ಕು ಕಾನೂನ್ ಹೈ ಮೇಡಮ್, ಮೋರ್ ಕು ಹೈ. ಝೀಂಗೇ ಕು ಕ್ಯಾ ಹೈ?” ಅಂದರು. ಹುಲಿಗೆ ಕಾನೂನಿದೆ, ನವಿಲಿಗಿದೆ, ಸೀಗಡಿಗೆ ಏನಿದೆ? ಟೀಚರ್ ನಗಲಿಲ್ಲ. “ಅದಕ್ಕಾ ಬಂದೀನ್ರಿ” ಅಂದರು. ಕೊನೆಗೆ ವಕೀಲರೇ ಒಂದು ದಾರಿ ಹುಡುಕಿದರು. ಬೇರೆಲ್ಲೂ ಇಲ್ಲದ ಜೀವ ಇಲ್ಲಿದೆ, ಆದ್ದರಿಂದ ಈ ಬಂಡೆಯನ್ನು ಒಡೆಯಬಾರದ ಬಂಡೆಗಳ ಸರ್ಕಾರಿ ಪಟ್ಟಿಗೆ ಸೇರಿಸಿ ಎಂದು ಅರ್ಜಿ. ಅಧಿಕಾರಿ ಬಂದು ಕಣ್ಣಾರೆ ನೋಡುವವರೆಗೆ ದೊಣೆಯ ಬದಿಗೆ ಮದ್ದು ಇಡಬಾರದು ಎಂದು ಆದೇಶವೂ ಆಯಿತು. ಆ ದಿನ ಟೀಚರ್ ಕಾಲೊನಿಯ ಮಕ್ಕಳಿಗೆಲ್ಲ ಪೇಡೆ ಹಂಚಿದರು. ಇನ್ನು ಉಳಿದದ್ದು ಒಂದೇ: ಅಧಿಕಾರಿ ಮಳೆಗಾಲದಲ್ಲಿ ಬರಬೇಕು. ಹಾಗೆಂದು ಎಷ್ಟು ಸಲ ಕೇಳಿಕೊಂಡರೋ.

ಅವರು ಬಂದದ್ದು ಮೃಗಶಿರಾ ಮಳೆಗೆ ಇನ್ನೂ ದಿನ ಇರುವಾಗ, ರೋಹಿಣಿಯ ಉರಿಬಿಸಿಲಿನಲ್ಲಿ.

ಬಂಡೆ ಚಪ್ಪಲಿಯೊಳಗಿಂದ ಸುಡುತ್ತಿತ್ತು. ಅಧಿಕಾರಿ, ಅವರ ಗುಮಾಸ್ತ, ಗುತ್ತಿಗೆದಾರನ ಕಡೆಯ ಒಬ್ಬ, ಟೀಚರ್, ನಾನು. ದೊಣೆಯ ತಳದಲ್ಲಿ ಬಿರಿದ ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ನಾನು ಅದರೊಳಗೆ ಕಾಲಿಡಲು ಹೋದೆ. ಟೀಚರ್ ನನ್ನ ತೋಳು ಹಿಡಿದು, “ಮೆಲ್ಲಗ. ಮಲಗ್ಯಾವ” ಎಂದರು. ಆ ಬಿಸಿಲಿನಲ್ಲಿಯೂ ನಾನು ಕಾಲು ಹಿಂದೆ ತೆಗೆದುಕೊಂಡ ರೀತಿ ನೆನಪಿದೆ. ಮಲಗಿದವರ ಕೋಣೆಯ ಬಾಗಿಲಲ್ಲಿ ಹಾಗೆ ತೆಗೆದುಕೊಳ್ಳುತ್ತೇವೆ.

“ಎಕ್ಕಡ ಮೇಡಮ್ ಮೀ ರೊಯ್ಯಲು?” ಎಂದರು ಅಧಿಕಾರಿ. ಎಲ್ಲಿ ನಿಮ್ಮ ಸೀಗಡಿ? ಗುತ್ತಿಗೆದಾರನವನು, “ವೇಪುಡು ಚೇಸಿ ತಿನ್ನಾರೇಮೋ ಸಾರ್” ಅಂದ. ಹುರಿದು ತಿಂದುಬಿಟ್ಟಿರಬೇಕು. ಗುಮಾಸ್ತ ನಕ್ಕ.

ಟೀಚರ್‌ಗೆ ತೆಲುಗು ಚೆನ್ನಾಗಿಯೇ ಬರುತ್ತಿತ್ತು. ತರಕಾರಿಯವನ ಹತ್ತಿರ ಚೌಕಾಸಿ ಮಾಡುವುದೆಲ್ಲ ತೆಲುಗಿನಲ್ಲೇ. ಆದರೆ ಆ ಹೊತ್ತಿಗೆ ಅದು ಅವರನ್ನು ಬಿಟ್ಟುಹೋಯಿತು. ಮಂಡಿಯೂರಿ, ಬಿರಿದ ಮಣ್ಣಿನ ಮೇಲೆ ಅಂಗೈ ಇಟ್ಟು, ತಲೆ ಎತ್ತಿ, ಆ ಇಲ್ಲದ ದನಿಯಲ್ಲಿ ಅವರಿಗೆ ಬಂದದ್ದು ಅವರ ಮನೆಯ ಮಾತು.

“ಇಲ್ಲೇ... ಇಲ್ಲೇ...”

ಅಧಿಕಾರಿಯ ಮುಖ ಅರಳಿತು. ಗಡಿಯ ಕಡೆ ಕೆಲಸ ಮಾಡಿದವರಂತೆ. “ನಾಕು ಕನ್ನಡ ವಸ್ತುಂದಿ” ಎಂದು ಗುಮಾಸ್ತನ ಕಡೆ ತಿರುಗಿದರು. “ಇಲ್ಲ ಅಂಟೇ ಲೇದು. ಲೇವು ಅನಿ ಮೇಡಮೇ ಚೆಪ್ತುನ್ನಾರು.” ನನಗೆ ಕನ್ನಡ ಬರುತ್ತದೆ, ಇಲ್ಲ ಅಂದರೆ ಲೇದು, ಯಾವುದೂ ಇಲ್ಲವೆಂದು ಮೇಡಮ್ಮೇ ಹೇಳುತ್ತಿದ್ದಾರೆ.

ನಾನು ತಕ್ಷಣ ಹೇಳಿದೆ: ಇಲ್ಲ ಅಲ್ಲ ಸಾರ್, ಇಲ್ಲೇ. ಇಕ್ಕಡೇ. ಇಲ್ಲಿಯೇ ಇವೆ ಎಂದು. ಅವರು “ಸರೇ, ಸರೇ” ಅಂದರು. ಕೆಡುಕು ಮನಸ್ಸಿನವರಲ್ಲ, ಬಿಸಿಲು ತಾಳಲಾಗುತ್ತಿರಲಿಲ್ಲ. ಒಂದನ್ನು ತೋರಿಸಿ, ಹಾಗೇ ಬರೆಯುತ್ತೇನೆ ಎಂದರು. ಟೀಚರ್ ತಮ್ಮ ಬಾಟಲಿಯ ನೀರನ್ನು ಮಣ್ಣಿಗೆ ಸುರಿದರು. ಚುಂಯ್ ಅಂದಿತು. ಎಲ್ಲರೂ ಬಗ್ಗಿ ನೋಡಿದೆವು. ಏನೂ ಆಗಲಿಲ್ಲ. ನೀರು ಆರಿತು. ಅವರು ಇಳಿದು ಹೋದರು.

ಮರುದಿನದಿಂದ ಟೀಚರ್ ಮಳೆನೀರಿನ ಕೊಡಗಳನ್ನು ಒಂದೊಂದಾಗಿ ಬಂಡೆಗೆ ಹೊತ್ತರು. ನಾನು ಶಿಫ್ಟು ಮುಗಿಸಿ ಬಂದು ಹೊರುತ್ತಿದ್ದೆ. ದೊಣೆಯ ಒಂದು ಮೂಲೆಗೆ ಮಣ್ಣಿನ ಏರಿ ಕಟ್ಟಿ, ಹಳೇ ಕೊಡೆ ಬಿಚ್ಚಿಟ್ಟು, ಪಕ್ಕದಲ್ಲಿ ಕೂತಿರುತ್ತಿದ್ದರು. ಒಂದು ಸಂಜೆ ನಾನು ಹತ್ತುವಾಗಲೇ ಆ ವಾಸನೆ ಬಂತು. “ಬಾ, ನೋಡು” ಎಂದು ಕೈ ಮಾಡಿದರು. ನೀರಿನಲ್ಲಿ ಧೂಳು ಅಲುಗುತ್ತಿತ್ತು. ಗಾಳಿ ಇರಲಿಲ್ಲ. ಧೂಳಿನ ಒಂದೊಂದು ಕಣವೂ ಬೇರೆ ಬೇರೆ ದಿಕ್ಕಿಗೆ ತನ್ನನ್ನು ತಾನೇ ಎಳೆದುಕೊಂಡು ಹೋಗುತ್ತಿತ್ತು. ಧೂಳಲ್ಲ, ಮರಿಗಳು. ನಾನು ಕಂಡೆ. ಇದನ್ನು ಯಾರು ಕೇಳಿದರೂ, ಎಲ್ಲಿ ಕೇಳಿದರೂ ಹೇಳುತ್ತೇನೆ.

ಟೀಚರ್ ಜೊತೆ ಅಧಿಕಾರಿಯ ಕಚೇರಿಗೆ ಹೋಗಿ ಹೇಳಿದೆ ಕೂಡ. ಅಧಿಕಾರಿ ಕೂರಿಸಿ ಕೇಳಿದರು. ಪರಿಶೀಲನೆ ಮುಗಿದಿದೆ ಎಂದರು. ಆಮೇಲೆ ಮೆತ್ತಗೆ, “ನೀಳ್ಳು ಮೀರೇ ಪೋಶಾರು ಕದಮ್ಮಾ” ಅಂದರು. ನೀರು ನೀವೇ ಹಾಕಿದಿರಿ. ಪ್ರಾಣಿಯನ್ನೂ ನೀವೇ ಹಾಕಿದಿರಿ ಎಂದು ಗುತ್ತಿಗೆದಾರನ ವಕೀಲ ಕೇಳಿದರೆ ಏನು ಹೇಳುತ್ತೀರಿ? ಆದೇಶ ತೆರವಾಯಿತು. ಸ್ಥಳದಲ್ಲಿ ಯಾವ ಪ್ರಾಣಿಯೂ ಇಲ್ಲವೆಂದು ಅರ್ಜಿದಾರರೇ ಒಪ್ಪಿದ್ದಾರೆ ಎಂಬ ಮಾತು ಅದರಲ್ಲಿತ್ತು.

ದೊಣೆ ಹೋದ ಮಧ್ಯಾಹ್ನ ನಾನು ಮನೆಯಲ್ಲಿದ್ದೆ. ಸೈರನ್ ಊದಿತು. ಟೀಚರ್ ತಮ್ಮ ಹೊಸ್ತಿಲ ಮೇಲೆ ಕೂತಿದ್ದರು. ಸದ್ದಿನ ನಂತರ ಪುಡಿ ಏಳುತ್ತದೆ, ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತು ಆಮೇಲೆ ಇಳಿಯುತ್ತದೆ. ಅದು ಅವರ ತಲೆಗೂದಲ ಮೇಲೆ, ತೆರೆದ ಅಂಗೈಯ ಮೇಲೆ ಇಳಿಯಿತು. ಅವರು ಒರೆಸಿಕೊಳ್ಳಲಿಲ್ಲ. ತುಟಿ ಆಡುತ್ತಿತ್ತು. ಇಲ್ಲ ಅನ್ನುತ್ತಿದ್ದರೋ, ಇಲ್ಲೇ ಅನ್ನುತ್ತಿದ್ದರೋ... ಎರಡಕ್ಕೂ ತುಟಿ ಹೆಚ್ಚುಕಡಿಮೆ ಒಂದೇ ರೀತಿ ಆಡುತ್ತದೆ. ನನಗೆ ತಿಳಿಯಲಿಲ್ಲ.

ಮಳೆ ಶುರುವಾಗುವ ಹೊತ್ತಿಗೆ ಗಂಟಲಿನ ಕಾಯಿಲೆ ಏನೆಂದು ಗೊತ್ತಾಗಿತ್ತು. ಟೀಚರ್ ಅವರ ತಮ್ಮ ಬಂದು ರಾಯಚೂರಿಗೆ ಕರೆದುಕೊಂಡು ಹೋದರು. ಶ್ರಾವಣದಲ್ಲಿ ಸುದ್ದಿ ಬಂತು. ಗುಡ್ಡ ಕರಗಿ ಜಲ್ಲಿಯಾಯಿತು, ಪುಡಿಯಾಯಿತು, ಲಾರಿಗಳಲ್ಲಿ ಊರಿನ ಆ ತುದಿಗೆ ಹೋಯಿತು.

ಇಷ್ಟೆಲ್ಲ ಆ ಅರ್ಧ ಮೆಟ್ಟಿಲಲ್ಲಿ ನೆನಪಾಯಿತು. ಕೆಳಗಿನಿಂದ ವಾಚ್‌ಮನ್ ಕೂಗಿದ. ಯಾದಗಿರಿ ಕಡೆಯವನು, ನನ್ನ ಮಾತಿನಲ್ಲೇ ಕನ್ನಡದವನೆಂದು ಗುರುತು ಹಿಡಿದಿದ್ದ.

“ಇಳಿರಿ ಸಾಹೇಬ್ರ, ನಾ ಅದೀನಿ. ಖರೇ ಹೇಳ್ತೀನಿ, ಒಬ್ಬನಾ ಇದ್ರ ನಾನೂ ಇಳಿಯಾಂಗಿಲ್ಲ. ನೀರಾಗ ಏನೋ ಅದಾವು.”

“ಎಲ್ಲಿ?”

“ಇಲ್ಲೇ.”

ಗುಂಡಿಯ ಅಂಚಿನಲ್ಲಿ ಕೂತು ಟಾರ್ಚ್ ಬಿಟ್ಟೆ. ನೀರು ತಿಳಿಯಾಗಿತ್ತು. ತಳದಲ್ಲಿ ಬೂದುಬಣ್ಣದ ಕಲ್ಲುಪುಡಿ, ಮೇಲೆ ಅವು. ಬೆನ್ನು ಕೆಳಗೆ, ಹೊಟ್ಟೆ ಮೇಲೆ. ಟಾರ್ಚಿಗೆ ದಾರ ಕಟ್ಟಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಳಕ್ಕೆ ಇಳಿಬಿಟ್ಟೆ. ಅಷ್ಟೂ ಒಟ್ಟಿಗೆ ಮಗುಚಿಕೊಂಡವು. ವಾಚ್‌ಮನ್ ಎರಡು ಹೆಜ್ಜೆ ಹಿಂದೆ ಸರಿದ. “ಯಪ್ಪಾ... ಹೇಳಿದ್ದು ಕೇಳಿದಂಗ ಮಾಡ್ತಾವಲ್ರಿ.”

ಅದೇ ದೊಣೆಯವು ಎಂದು ನಾನು ಹೇಳಲಾರೆ. ಈ ಕಟ್ಟಡದ ಪುಡಿ ಯಾವ ಗುಡ್ಡದ್ದೋ ಯಾರಿಗೆ ಗೊತ್ತು? ಇಂಥ ಸೀಗಡಿ ಬೇರೆ ಕೆರೆಕುಂಟೆಗಳಲ್ಲೂ ಇರುತ್ತವೆ. ಗಂಡಿನ ಕೊಂಬು ನೋಡಿ ಹೇಳಬಲ್ಲವರು ಒಬ್ಬರಿದ್ದರು.

ಸೂಪರ್‌ವೈಸರ್ ಬಂದ. ಈ ಸಲ ಒಣಮಣ್ಣಲ್ಲ, ನೀರಿತ್ತು, ಜೀವ ಕಣ್ಣೆದುರಿಗಿತ್ತು. ತೆಲುಗಿನಲ್ಲೇ, ತಪ್ಪಿಲ್ಲದೆ, ನಿಧಾನವಾಗಿ ಹೇಳಿದೆ. ಇವು ಅಪರೂಪದವಿರಬಹುದು, ಒಬ್ಬ ತಿಳಿದವರನ್ನು ಕರೆಸೋಣ, ಅಲ್ಲಿಯವರೆಗೆ ಪಂಪ್ ಬೇಡ. ಅವನು ಬಗ್ಗಿ ನೋಡಿದ. ಕಂಡ. “ಪುರುಗುಲು ಸಾರ್” ಅಂದ. ಹುಳ. ಲಿಫ್ಟ್ ಇಲ್ಲದೆ ಮೇಲಿನವರು ಕೂಗಾಡುತ್ತಿದ್ದಾರೆ ಅಂದ. ಇವುಗಳನ್ನು ಮುಟ್ಟಬಾರದು ಅಂತ ಏನಾದರೂ ಕಾನೂನಿದೆಯಾ ಸಾರ್ ಎಂದು ನಿಜವಾಗಿಯೇ ಕೇಳಿದ. ಬ್ಲೀಚಿಂಗ್ ಪುಡಿ ಸುರಿಸಿ ಪಂಪ್ ಹಾಕಿಸಿದ. ನೀರು ಇಳಿಯುತ್ತ ಹೋದ ಹಾಗೆ ಅವು ತಳದ ನನ್ನ ಟಾರ್ಚಿನ ಸುತ್ತ ಒತ್ತಾಗಿ ಸೇರಿದವು. ಆಮೇಲೆ ಅಲುಗಲಿಲ್ಲ.

ಈಗ ಲಿಫ್ಟ್ ಓಡಾಡುತ್ತಿದೆ. ನಿನ್ನೆ ಮತ್ತೆ ಪ್ಯಾನೆಲ್ ನೋಡಲು ಹೋಗಿದ್ದೆ. ಗುಂಡಿಯ ತಳದ ಮಣ್ಣನ್ನು ಯಾರೂ ಬಾಚಿರಲಿಲ್ಲ. ಅದು ಆರಿ, ಅಂಚಿನಲ್ಲಿ ಸಣ್ಣಗೆ ಬಿರಿಯತೊಡಗಿತ್ತು. ವಾಚ್‌ಮನ್ ಅದರ ಮೇಲೆ ಕಾಲಿಡದೆ ಸುತ್ತಿ ಬಂದ.

ಟೀಚರ್ ಇಲ್ಲ. ಆ ಪದ ಬರೆದ ಮೇಲೆ ಪೆನ್ನು ಅಲ್ಲೇ ತಡೆಯುತ್ತದೆ. ಒಂದು ಏತ್ವ, ಅದರ ಮುಂದೆ ಒಂದು ದೀರ್ಘ, ಅಷ್ಟು ಜಾಗ ಬಿಟ್ಟಿದ್ದೇನೆ. ಎಳೆಯಲು ಕೈ ಬರುತ್ತಿಲ್ಲ.