ಮೂಸಿ ನೋಡುತ್ತಿದ್ದ ಖಾಲಾ

ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಪಕ್ಕದ ಮನೆಯ ಖಾಲಾ ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ. ಕೈ ಹಿಡಿದೆಳೆದು, ಬೆಳ್ಳಿ ಮೂಗುಬೊಟ್ಟಿನ ತಮ್ಮ ಉದ್ದ ಮೂಗಿಗೆ ಹಿಡಿದು ಮೂಸುತ್ತಿದ್ದರು. ಹೊಲದಿಂದ ಬಂದವರಾದರೆ "ಮೊದ್ಲ ಸಾಬಾನ ಹಚ್ಚಿ ತೊಳ್ಕೊಂಡ ಬರ್ರಿ" ಎಂದು ಅಂಗಳದಲ್ಲೇ ತಡೆಯುತ್ತಿದ್ದರು. ಓಣಿಯವರು ಬೆನ್ನ ಹಿಂದೆ ನಗುತ್ತಿದ್ದರು.

ಕಾಲುವೆಗೆ ನೀರು ಬಂದು ಶಹಾಪುರದ ಸುತ್ತ ಹತ್ತಿ ಹೆಚ್ಚಿದ ಕಾಲವದು. ಹತ್ತಿಯ ಹಿಂದೆ ಹುಳ, ಹುಳದ ಹಿಂದೆ ಎಣ್ಣೆ. ಕೀಟನಾಶಕಕ್ಕೆ ನಮ್ಮಲ್ಲಿ ಎಣ್ಣೆಯೆಂದೇ ಹೆಸರು. ಖಾಲಾನ ತಮ್ಮ ಅದನ್ನು ಹೊಡೆಯುತ್ತಲೇ ಹೊಲದಲ್ಲಿ ಕುಸಿದವನು ಮತ್ತೆ ಏಳಲಿಲ್ಲ. ಅವರು ಮೂಸಲು ಶುರು ಮಾಡಿದ್ದು ಆಮೇಲೆ.

ತವರಿನಿಂದ ತಂದ ಮನಿ ಪ್ಲಾಂಟ್ ಬಳ್ಳಿಯನ್ನು ಕಿಟಕಿಯಿಂದ ಮಗಳ ತೊಟ್ಟಿಲಿನ ಮೇಲಕ್ಕೆ ಹಬ್ಬಿಸಿದ್ದೆ. ಒಂದು ಸಲ ಅದರ ಗೆಣ್ಣುಗಳಿಗೆ ಬಿಳಿ ಹಿಟ್ಟುಹುಳ ಹತ್ತಿ, ಎಲೆ ಹಳದಿಯಾಗಿ ಉದುರತೊಡಗಿತು. ನಮ್ಮವರು ಹತ್ತಿಗೆ ಹೊಡೆದು ಉಳಿದ ಎಣ್ಣೆಯನ್ನು ಕೆಮ್ಮಿನ ಔಷಧದ ಖಾಲಿ ಬಾಟಲಿಯಲ್ಲಿ ತಂದರು. ಸಂಜೆ ಬಳ್ಳಿಗೆ ಹೊಡೆದರಾಯಿತೆಂದು, ಔಷಧ ಇಡುವ ಗೋಡೆಯ ಗೂಡಿನಲ್ಲಿಟ್ಟು ಹೊರಗೆ ಹೋದರು. ನನಗೆ ಹೇಳಲಿಲ್ಲ.

ಆ ದಿನ ಮಗಳಿಗೆ ಕೆಮ್ಮು, ನನಗೆ ನೆಗಡಿ. ಮೂಗು ಪೂರ್ತಿ ಕಟ್ಟಿತ್ತು. ಗೂಡಿನ ಬಾಟಲಿಯಿಂದ ಚಮಚಕ್ಕೆ ಸುರಿದು ಮಗುವಿನ ತುಟಿಯ ಹತ್ತಿರ ಒಯ್ದಿದ್ದೆ. ಮೊಸರಿಗೆ ಹೆಪ್ಪು ಕೇಳಲು ಬಂದ ಖಾಲಾ ಹೊಸ್ತಿಲಲ್ಲೇ ಕಿರುಚಿದರು.

"ಏ ಬೇಟೀ, ತಡೀ! ಎಣ್ಣಿ ವಾಸ್ನಿ ಬರಾಕತ್ತೈತಿ!"

ಚಮಚ ಕಿತ್ತೆಸೆದು, ಮಗುವನ್ನು ಸೆಳೆದುಕೊಂಡು ಅದರ ಬಾಯಿ ಮೂಸಿದರು. ಮತ್ತೆ ಮೂಸಿದರು. ಅಷ್ಟು ಹೊತ್ತು ನನ್ನ ಜೀವ ನನ್ನಲ್ಲಿರಲಿಲ್ಲ. "ಬಾಯಾಗ ಹೋಗಿಲ್ಲ. ಅಲ್ಲಾ ಕಾದಾನ" ಎಂದವರೇ ಮಗುವನ್ನು ಎದೆಗವಚಿಕೊಂಡು ನೆಲದ ಮೇಲೆ ಕೂತರು. ನಾನು ನಿಂತಲ್ಲೇ ಅತ್ತುಬಿಟ್ಟೆ.

ಮರುದಿನ ಅವರೇ ಬಳ್ಳಿಯನ್ನು ಅಂಗಳಕ್ಕೆ ಒಯ್ದು, ಸಾಬೂನು ನೀರಲ್ಲಿ ಅರಿವೆ ಅದ್ದಿ ಒಂದೊಂದೇ ಗೆಣ್ಣು ಒರೆಸಿ ಹುಳ ತೆಗೆದರು. ನಮ್ಮವರು ತಲೆ ತಗ್ಗಿಸಿ ನೀರು ಹಾಕುತ್ತಿದ್ದರು.

"ಇದಕ್ಕ ಈಟ ಸಾಬಾನ ಸಾಕಿತ್ತಪಾ. ಹೊಲದಾಗಿಂದ ಮನಿಯಾಗ ಯಾಕ ತಂದಿ?" ಖಾಲಾ ಬೈದದ್ದು ಅಷ್ಟೇ. ಬಳ್ಳಿ ಚಿಗುರಿತು. ತೊಟ್ಟಿಲನ್ನು ಮಾತ್ರ ನಾನು ಮತ್ತೆ ಅದರ ಕೆಳಗೆ ಕಟ್ಟಲಿಲ್ಲ.

ಖಾಲಾ ತೀರಿಹೋಗಿ ವರ್ಷಗಳಾದವು. ಅವರ ಹೆದರಿಕೆ ನನ್ನಲ್ಲಿ ಉಳಿದಿದೆ. ಇವತ್ತಿಗೂ ಮೊಮ್ಮಗನ ಔಷಧದ ಬಾಟಲಿಯನ್ನು, ಅಂಗಡಿಯಿಂದ ಹೊಸದಾಗಿ ತಂದದ್ದಾದರೂ ಸರಿ, ಮೂಸದೆ ಚಮಚಕ್ಕೆ ಸುರಿಯುವುದಿಲ್ಲ.

"ಯವ್ವಾ, ಏನ ಹುಚ್ಚ ನಿಂದು!" ಎಂದು ಮಗಳು ನಗುತ್ತಾಳೆ.

ನಗಲಿ. ನಗಲು ಅವಳು ಉಳಿದಿದ್ದಾಳಲ್ಲ.