ಕಮಲಾಪುರದಲ್ಲಿ ಕಾಕಾ ಆಡಿಸಿದ ಆಟ

ಕಮಲಾಪುರದ ಕೆಂಪು ಬಾಳೆಹಣ್ಣು ಸುಲಿದಾಗ ಏಳುವ ದಟ್ಟ ಸಿಹಿ ವಾಸನೆ ಮೂಗಿಗೆ ಬಿದ್ದರೆ ಸಾಕು, ಗಾಜಿಪುರದ ನಮ್ಮ ಹಳೆಯ ಮನೆಯ ಅಂಗಳ ಕಣ್ಣಮುಂದೆ ಬರುತ್ತದೆ. ತಂತಿಯ ಮೇಲೆ ಹಳದಿ ಜರ್ಸಿಗಳು ತೊಟ್ಟಿಕ್ಕುತ್ತಿದ್ದವು, ಬಾಗಿಲಲ್ಲಿ ಮಣ್ಣು ಮೆತ್ತಿದ ಬೂಟುಗಳ ರಾಶಿ. ಫರ್ಸಿ ಕಲ್ಲಿನ ನೆಲದ ಮೇಲೆ ಕಾಕಾ ಸೀಮೆಸುಣ್ಣದಲ್ಲಿ ಮೈದಾನ ಬರೆಯುತ್ತ ಕೂತಿರುತ್ತಿದ್ದ. ಹಗಲೆಲ್ಲ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಿದ್ದವನು ಸಂಜೆಯಾದರೆ ನಮ್ಮ ಹುಡುಗಿಯರ ಫುಟ್‌ಬಾಲ್ ತಂಡದ ಕೋಚ್. ಅಜ್ಜಿಗೆ ಅದು ಸೇರುತ್ತಿರಲಿಲ್ಲ. ಕಮಲಾಪುರಕ್ಕೆ ಫೈನಲ್ ಆಡಲು ಹೊರಟ ದಿನ ಮಗನನ್ನು ತಡೆದು ನಿಲ್ಲಿಸಿ, "ಸೋತು ಬಂದ್ರ ಹುಡುಗ್ಯಾರ ಆಟ ಇಲ್ಲಿಗೇ ಮುಗೀತು ನೋಡು," ಅಂದಳು. ತಾಯಿಯ ಮಾತು ಮೀರುವವನಲ್ಲ ಕಾಕಾ.

ಆಟ ಮುಗಿಯುತ್ತ ಬಂದರೂ ಎರಡೂ ಕಡೆ ಒಂದೊಂದೇ ಗೋಲು. ನಮ್ಮದನ್ನು ಹೊಡೆದವಳು ಕಾಕಾನ ಮಗಳು ಶೈಲಾ. ಆಮೇಲೆ ಎದುರು ತಂಡದ ಇಬ್ಬರು ಹುಡುಗಿಯರು ಅವಳಿಗೆ ಅಂಟಿಕೊಂಡೇ ಓಡುತ್ತಿದ್ದರು. ಮೋಮಿನಪುರದಿಂದ ಬರುತ್ತಿದ್ದ ನಮ್ಮ ಗೋಲ್‌ಕೀಪರ್ ನಸ್ರೀನ್ ಮೊಣಕಾಲು ತರಚಿಕೊಂಡು ಕುಂಟುತ್ತಿದ್ದಳು, ಪೆನಾಲ್ಟಿಗೆ ಹೋದರೆ ನಮ್ಮ ಕಥೆ ಮುಗಿದಂತೆಯೇ. "ಎಲ್ಲಾರೂ ಹಿಂದ ಬರ್ರಿ!" ಎಂದು ನಮ್ಮೂರಿನವರು ಒದರಿದರು. ಚಂಡು ಅಂಚಿನ ಗೆರೆ ದಾಟಿ ಹೊರಗೆ ಹೋದ ಗಳಿಗೆಯಲ್ಲಿ ಕಾಕಾ ಶೈಲಾಳನ್ನೂ ನನ್ನನ್ನೂ ಕರೆದ.

"ಶೈಲೂ, ನೀ ಬಲಗಡೆ ಮೂಲಿಗೆ ಓಡು. ಚಂಡು ಕೊಡ್ರಿ ಅಂತ ಒದರು. ಆ ಇಬ್ಬರೂ ನಿನ್ನ ಬೆನ್ನ ಹತ್ತಿ ಬರ್ತಾರ, ನಡುವ ಜಾಗ ಖಾಲಿ ಆಗ್ತದ. ಸುಮಾ, ಅಲ್ಲಿ ನೀ ನುಗ್ಗು."

ನಾನು ಹಿಂದೆ ನಿಂತು ಚಂಡು ತಡೆಯುವವಳು. ಎದುರಿನವರ ಗೋಲನ್ನು ಹತ್ತಿರದಿಂದ ಕಂಡವಳೇ ಅಲ್ಲ. ಶೈಲಾಳ ಕಣ್ಣು ತುಂಬಿತು. "ನಾನೇ ಹೊಡೀತೀನಿ ಅಪ್ಪಾ. ಇಕಿ ಕೈಲಿ ಆಗಂಗಿಲ್ಲ."

"ಆಗ್ತದವ್ವಾ. ಇಕಿನ್ನ ಯಾರೂ ನೋಡ್ಲಿಕತ್ತಿಲ್ಲ."

ಸಿಟ್ಟಿನಲ್ಲೇ ಓಡಿದಳು ಶೈಲಾ. ಗಂಟಲು ಹರಿಯುವಂತೆ ಚಂಡು ಕೇಳಿದಳು. ಕಾಕಾ ಹೇಳಿದ ಹಾಗೆಯೇ ಆ ಇಬ್ಬರೂ ಅವಳ ಹಿಂದೆ ಹೋದರು. ಚಂಡು ನನ್ನ ಕಾಲಿಗೆ ಬಂತು, ಎದುರಿಗೆ ಗೋಲ್‌ಕೀಪರ್ ಒಬ್ಬಳೇ. ಕಣ್ಣು ಮುಚ್ಚಿ ಒದ್ದೆ. ಚಂಡು ಬಲೆಗೆ ಬಿದ್ದದ್ದನ್ನು ನಾನು ನೋಡಲಿಲ್ಲ, ಶೈಲಾ ಕಿರುಚಿದ್ದು ಕೇಳಿತು. ಓಡಿಬಂದು ಮೊದಲು ನನ್ನನ್ನು ಎತ್ತಿಕೊಂಡವಳೂ ಅವಳೇ. ಗೆರೆಯಾಚೆ ಕಾಕಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಗುತ್ತಿದ್ದ, ಅಳುತ್ತಿದ್ದ.

ನಮ್ಮ ಟೆಂಪೋ ಓಣಿಗೆ ತಿರುಗುವ ಮೊದಲೇ ಸುದ್ದಿ ಮುಟ್ಟಿತ್ತು. ಅಜ್ಜಿ ಆರತಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಎಲ್ಲರ ದೃಷ್ಟಿ ತೆಗೆದು, ನಸ್ರೀನಳ ಮೊಣಕಾಲಿಗೆ ಅರಿಶಿನ ಹಚ್ಚುತ್ತ, "ಮುಂದಿನ ಆಟ ಯಾವೂರಾಗ ಅದನೋ?" ಎಂದು ಮಗನನ್ನು ಕೇಳಿದಳು.

ಆ ಮನೆ ಈಗಿಲ್ಲ. ಅಜ್ಜಿ ಇಲ್ಲ, ಕಾಕಾನೂ ಇಲ್ಲ. ಅಂಥದೊಂದು ಅಂಗಳವನ್ನು ನೀವೂ ಕಳೆದುಕೊಂಡಿದ್ದರೆ ಉಳಿದದ್ದು ನಾನು ಹೇಳಬೇಕಿಲ್ಲ. ನಾನೂ ಶೈಲಾಳೂ ಸೇರಿದಾಗ ನಮ್ಮ ಮಕ್ಕಳು, ಆ ಗೋಲು ಯಾರದು ಎಂದು ಕೇಳುತ್ತಾರೆ. ನಾನು "ಕಾಕಾಂದು" ಅನ್ನುತ್ತೇನೆ. ಅವಳು "ಅಪ್ಪಂದು" ಅನ್ನುತ್ತಾಳೆ.